ಬಹುಮಾನ ಇಬ್ಬರಿಗೆ, ಖರ್ಚು ಒಬ್ಬೊಬ್ಬರಿಗೆ

2024ರ ಡಿಸೆಂಬರ್ 1ರಂದು ಲಖನೌದಲ್ಲಿ ಮುಗಿದ ಸೈಯದ್ ಮೋದಿ ಬ್ಯಾಡ್ಮಿಂಟನ್ ಟೂರ್ನಿಯಲ್ಲಿ ಮಹಿಳೆಯರ ಎರಡೂ ಪ್ರಶಸ್ತಿಗಳು ಭಾರತಕ್ಕೇ ಬಂದವು. ಸಿಂಗಲ್ಸ್ ಪಿ.ವಿ. ಸಿಂಧು ಅವರಿಗೆ, ಡಬಲ್ಸ್ ತ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಅವರಿಗೆ. ಟೂರ್ನಿಯ ಒಟ್ಟು ಬಹುಮಾನ 2,10,000 ಡಾಲರ್. ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ಹಂಚಿಕೆ ಸೂತ್ರದಂತೆ ಸಿಂಗಲ್ಸ್ ಗೆದ್ದವರಿಗೆ ಇದರಲ್ಲಿ ಶೇ 7.5, ಡಬಲ್ಸ್ ಗೆದ್ದ ಜೋಡಿಗೆ ಶೇ 7.9. ಅಂದರೆ ಸಿಂಧು ಅವರೊಬ್ಬರಿಗೆ 15,750 ಡಾಲರ್; ತ್ರೀಸಾ, ಗಾಯತ್ರಿ ಇಬ್ಬರಿಗೂ ಸೇರಿ 16,590, ತಲಾ 8,295. ಗೆದ್ದದ್ದು ಒಂದೇ ದಿನ, ಒಂದೇ ಕ್ರೀಡಾಂಗಣದಲ್ಲಿ. ಆದರೆ ವಿಮಾನದ ಟಿಕೆಟ್, ಊಟ, ಫಿಸಿಯೋ, ರಾಕೆಟ್ ಯಾವುದೂ ಡಬಲ್ಸ್ ಆಟಗಾರ್ತಿಗೆ ಅರ್ಧ ಬೆಲೆಗೆ ಸಿಗುವುದಿಲ್ಲ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯೂ ಶಟಲ್ ಚೆನ್ನಾಗಿ ಆಡುವ ಹೆಣ್ಣುಮಕ್ಕಳಿದ್ದಾರೆ. ಜಿಲ್ಲಾ ಮಟ್ಟದಲ್ಲಿ ಗೆದ್ದ ಕೂಡಲೇ ಬೆಂಗಳೂರಿಗೆ ಕಳಿಸಬೇಕೇ, ಸಾಲ ಮಾಡಿಯಾದರೂ ಆಡಿಸಬೇಕೇ ಎಂಬ ಪ್ರಶ್ನೆ ತಂದೆ ತಾಯಂದಿರ ಮುಂದೆ ಬರುತ್ತದೆ. ಆಡಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಮಹಿಳಾ ಡಬಲ್ಸ್ ಎಂಬುದು ಬಹುಕಾಲ ನಡೆಯುವ, ಕಡಿಮೆ ಕೊಡುವ, ನಡುನಡುವೆ ಆದಾಯ ನಿಂತುಹೋಗುವ ವೃತ್ತಿ. ಅದಕ್ಕೆ ಹಾಕುವ ಹಣವೂ ಅಂಥದ್ದೇ ಇರಬೇಕು: ವರ್ಷ ವರ್ಷ ಮಿಕ್ಕಿದ್ದರಲ್ಲಿ ಸ್ವಲ್ಪ ಸ್ವಲ್ಪ, ಸಾಲವಿಲ್ಲದ ಹಣ.

ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಸಿಗುವ ಕೊಡಗು ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರ ಮೂಲ. ಹುಟ್ಟಿದ್ದು ಬೆಂಗಳೂರಿನಲ್ಲಿ, 1989ರಲ್ಲಿ. ಜ್ವಾಲಾ ಗುಟ್ಟಾ ಅವರೊಂದಿಗೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ, 2011ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 2012ರಲ್ಲಿ ಅರ್ಜುನ ಪ್ರಶಸ್ತಿ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ. 2012, 2016, 2024ರಲ್ಲಿ ಮೂರು ಒಲಿಂಪಿಕ್ಸ್. ಭಾರತದ ಮಹಿಳಾ ಡಬಲ್ಸ್‌ನಲ್ಲಿ ಇದಕ್ಕಿಂತ ತುಂಬಿದ ವೃತ್ತಿಜೀವನ ತೋರಿಸುವುದು ಕಷ್ಟ. ಆದರೆ ಒಂದು ವಿಷಯವನ್ನು ನಾವು ಗಮನಿಸುವುದೇ ಇಲ್ಲ. ಕಾಮನ್‌ವೆಲ್ತ್, ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಈ ಮೂರರಲ್ಲೂ ಸಂಘಟಕರು ಬಹುಮಾನದ ಹಣ ಕೊಟ್ಟವರಲ್ಲ. ಪದಕ ಬಂದ ಮೇಲೆ ಸರ್ಕಾರವೋ ಸಂಸ್ಥೆಯೋ ಘೋಷಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರು ಮೆರವಣಿಗೆ ಮಾಡುವ ಗೆಲುವುಗಳು ಬೇರೆ, ಬ್ಯಾಂಕಿನ ಪಾಸ್‌ಬುಕ್ಕಿಗೆ ಬರುವ ಗೆಲುವುಗಳು ಬೇರೆ.

ಇನ್ನು ಜೋಡಿಯ ಪ್ರಶ್ನೆ. ಡಬಲ್ಸ್‌ನಲ್ಲಿ ರ‍್ಯಾಂಕಿಂಗ್ ಇರುವುದು ಜೋಡಿಗೆ. ಜತೆಗಾತಿ ಗಾಯಗೊಂಡರೆ, ವಿರಾಮ ತೆಗೆದುಕೊಂಡರೆ, ನಿವೃತ್ತಿಯಾದರೆ ಹಳೆಯ ಜೋಡಿಯ ಅಂಕ ಹೊಸ ಜೋಡಿಯ ರ‍್ಯಾಂಕಿಂಗ್‌ಗೆ ಸೇರುವುದಿಲ್ಲ. ಹೆಚ್ಚಾಗಿ ಮತ್ತೆ ಕೆಳಗಿನ ದರ್ಜೆಯ ಟೂರ್ನಿಗಳಿಂದ ಹತ್ತಬೇಕಾಗುತ್ತದೆ. ಲಂಡನ್ ಒಲಿಂಪಿಕ್ಸ್ ಆದ ಮೇಲೆ ಜ್ವಾಲಾ ಸ್ವಲ್ಪ ಕಾಲ ಆಟದಿಂದ ದೂರವಿದ್ದಾಗ ಅಶ್ವಿನಿ ಪ್ರಜ್ಞಾ ಗದ್ರೆ ಅವರೊಂದಿಗೆ ಆಡಿದರು. ರಿಯೋ ಒಲಿಂಪಿಕ್ಸ್ ಆದ ಮೇಲೆ ಸಿಕ್ಕಿ ರೆಡ್ಡಿ ಜತೆಯಾದರು. ಆ ಜೋಡಿಗೆ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಕಂಚು ಬಂತು, ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಬರಲಿಲ್ಲ. 2023ರಲ್ಲಿ ತನಿಷಾ ಕ್ರಾಸ್ಟೊ. ವಿಶ್ವ ಚಾಂಪಿಯನ್‌ಷಿಪ್ ಪದಕ ಗೆದ್ದು ಹನ್ನೆರಡು ವರ್ಷವಾದ ಮೇಲೆ, 33–34ರ ವಯಸ್ಸಿನಲ್ಲಿ ಅಶ್ವಿನಿ ಫ್ರಾನ್ಸಿನ ನಾಂತ್, ಅಬುಧಾಬಿ, ಗುವಾಹಟಿಯಂಥ ಕೆಳದರ್ಜೆಯ ಟೂರ್ನಿಗಳನ್ನು ಆಡಿ ಗೆದ್ದು ಪ್ಯಾರಿಸ್ ಒಲಿಂಪಿಕ್ಸ್‌ಗೆ ದಾರಿ ಮಾಡಿಕೊಂಡರು. ಮಾರುಕಟ್ಟೆ ಈ ಆಟವನ್ನು ಹೇಗೆ ನೋಡುತ್ತದೆ ಎಂಬುದಕ್ಕೆ 2013ರ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಸಾಕ್ಷಿ. ಹರಾಜಿನ ಹೊತ್ತಿಗೆ ಮಹಿಳಾ ಡಬಲ್ಸನ್ನೇ ಪಂದ್ಯದ ಪಟ್ಟಿಯಿಂದ ತೆಗೆದು, ಆ ಜಾಗಕ್ಕೆ ಪುರುಷರ ಇನ್ನೊಂದು ಸಿಂಗಲ್ಸ್ ಹಾಕಿದರು. ಜ್ವಾಲಾ, ಅಶ್ವಿನಿ ಅವರ ಮೂಲಬೆಲೆ 50,000 ಡಾಲರ್‌ನಿಂದ 25,000ಕ್ಕೆ ಇಳಿಯಿತು. ಇಬ್ಬರೂ ಆಟದಲ್ಲಿ ಏನನ್ನೂ ಕಳೆದುಕೊಂಡಿರಲಿಲ್ಲ. ಅವರು ಆಡುವ ವಿಭಾಗವನ್ನೇ ಅಂಗಡಿಯವರು ಮುಚ್ಚಿದ್ದರು.

ಈಗ ನಮ್ಮ ಕಡೆಯ ಲೆಕ್ಕಕ್ಕೆ ಬರೋಣ. 2023ರ ಗುವಾಹಟಿ ಮಾಸ್ಟರ್ಸ್‌ನ ಒಟ್ಟು ಬಹುಮಾನ 1,00,000 ಡಾಲರ್ ಆಗಿತ್ತು. ಗೆದ್ದ ಜೋಡಿಗೆ 7,900, ತಲಾ 3,950. ಆಗಿನ ದರದಲ್ಲಿ ತಲಾ ಸುಮಾರು 3.3 ಲಕ್ಷ ರೂಪಾಯಿ, ಅದೂ ತೆರಿಗೆಗೆ ಮೊದಲು. ಎಂಟರ ಘಟ್ಟದಲ್ಲಿ ಸೋತರೆ ಜೋಡಿಗೆ 725 ಡಾಲರ್, ಮೊದಲ ಸುತ್ತಿನಲ್ಲೇ ಸೋತರೆ ಏನೂ ಇಲ್ಲ. ಇತ್ತ ತಾಯಿ ಮಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿ, ಅಕಾಡೆಮಿಯ ಫೀಸು ಕಟ್ಟಿ, ತಿಂಗಳಿಗೆ 30,000 ರೂಪಾಯಿಯಲ್ಲಿ ಸಂಭಾಳಿಸುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3.6 ಲಕ್ಷ, ಎಂಟು ವರ್ಷಕ್ಕೆ 28.8 ಲಕ್ಷ. ಅಷ್ಟು ವಾಪಸು ಬರಬೇಕಾದರೆ ಗುವಾಹಟಿಯಂಥ ಟೂರ್ನಿಯನ್ನು ಹತ್ತಿರ ಹತ್ತಿರ ಒಂಬತ್ತು ಸಲ ಗೆಲ್ಲಬೇಕು. ಆ ಹಣ ಬರಬೇಕಾದ ಅಡಿಕೆ ತೋಟಕ್ಕೂ ತನ್ನದೇ ಕಷ್ಟಗಳಿವೆ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಆ ವರ್ಷದ ಫಸಲು ಉದುರಿತು; ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ತಿಂದಿದೆ. ಒಂದೇ ಮನೆ ನಂಬಿಕೆಯಿಲ್ಲದ ಎರಡು ಬೆಳೆಗಳ ಮೇಲೆ ನಿಲ್ಲಬಾರದು. ಅಡಿಕೆಯಲ್ಲಾದರೂ ಒಂದು ಅನುಕೂಲವಿದೆ. ಬೆಲೆ ಕಡಿಮೆಯಿದ್ದರೆ ಅಟ್ಟಕ್ಕೇರಿಸಿ ಕಾಯಬಹುದು. ಹೊಸ ಅಡಿಕೆ ಹಳತಾಗಿ ಚೋಲ್ ಆಗುತ್ತದೆ, ಇನ್ನೂ ಹಳತಾಗಿ ಡಬಲ್ ಚೋಲ್ ಆಗುತ್ತದೆ, ಸಾಮಾನ್ಯವಾಗಿ ಬೆಲೆ ಏರುತ್ತದೆ. ಆಟಗಾರ್ತಿಯ ಮೊಣಕಾಲು, ಭುಜಗಳನ್ನು ಹಾಗೆ ದಾಸ್ತಾನು ಇಡಲು ಬರುವುದಿಲ್ಲ.

ಖರ್ಚು ಎಲ್ಲಿ ಸೋರುತ್ತದೆ ಎಂದು ನೋಡಬೇಕಾದರೆ ಗರಿಯ ಶಟಲ್‌ಕಾಕ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಬೂಚಿನ ತಲೆಗೆ ಸುತ್ತ ಚುಚ್ಚಿದ ಹದಿನಾರು ಗರಿಗಳು, ಎರಡು ಸುತ್ತು ದಾರ, ತೂಕ ಐದು ಗ್ರಾಂ ಆಸುಪಾಸು. ನಾಲ್ಕು ಜನ ಬಿರುಸಾಗಿ ಡಬಲ್ಸ್ ಆಡಿದರೆ ಸ್ಮ್ಯಾಷ್ ಬಿದ್ದು ಒಂದೋ ಎರಡೋ ಗರಿ ಸೀಳುತ್ತದೆ. ಸೀಳಿದ ಕಾಕ್ ವಾಲುತ್ತಾ ಹಾರುತ್ತದೆ, ಅದರಲ್ಲಿ ಅಭ್ಯಾಸ ಮಾಡಿದರೆ ಕೈ ಕೆಡುತ್ತದೆ. ಹಾಗಾಗಿ ಡಬ್ಬಿಗಳ ಮೇಲೆ ಡಬ್ಬಿ ಖಾಲಿಯಾಗುತ್ತವೆ. ರಾಕೆಟ್ಟಿನ ಗಟ್ಟಿಂಗ್ ಕಡಿದರೆ ಮತ್ತೆ ಹಾಕಿಸಬೇಕು, ಶೂಗಳ ಹಿಮ್ಮಡಿ ಸವೆಯುತ್ತದೆ. ಇವೆಲ್ಲ ಒಂದೇ ಸಲ ಕೊಟ್ಟು ಮುಗಿಯುವ ಖರ್ಚಲ್ಲ, ಹತ್ತಾರು ವರ್ಷ ನಿಲ್ಲದೆ ಬರುವಂಥವು. ಒಮ್ಮೆ ದೊಡ್ಡ ಸಾಲ ಎತ್ತಿ ಮೊದಲ ಮೂರು ವರ್ಷ ಧಾರಾಳವಾಗಿ ಸುರಿದ ಮನೆ, ಮಗಳ ಆಟ ಹದಕ್ಕೆ ಬರುವ ಹೊತ್ತಿಗೆ ಬರಿಗೈಯಲ್ಲಿ ನಿಂತಿರುತ್ತದೆ.

ನಿಧಾನದ ಹಣ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಸೊಸೈಟಿಯ ಬೆಳೆಸಾಲವನ್ನು ಆಟಕ್ಕೆ ತಿರುಗಿಸಬೇಡಿ; 5 ಲಕ್ಷದವರೆಗಿನ ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಜಾಗದ ಆರ್‌ಟಿಸಿಯ ಮೇಲೆ ಸಾಲ ಬೇಡವೇ ಬೇಡ. ಮಗಳಿಗೆ ಹತ್ತು ವರ್ಷ ತುಂಬುವ ಮೊದಲು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದರೆ ಅದನ್ನು ನಿಲ್ಲಿಸಬೇಡಿ. ವರ್ಷಕ್ಕೆ 50,000ದಂತೆ 15 ವರ್ಷ ಕಟ್ಟಿದರೆ, ಶೇ 8.2ರ ಬಡ್ಡಿ ಹಾಗೇ ಉಳಿದರೆ, 21 ವರ್ಷಕ್ಕೆ ಸುಮಾರು 24 ಲಕ್ಷ ಆಗುತ್ತದೆ. ಆಟ ಕೈಹಿಡಿಯದಿದ್ದರೂ ಅವಳಿಗೆ ಅದೊಂದು ನೆಲೆ. 18 ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಲೂ ಬರುತ್ತದೆ. ಚಿನ್ನದ ಬಗ್ಗೆ ಮಾತ್ರ ನನ್ನ ಮಾತು ಬೇರೆ. ಮದುವೆಗೆಂದು ಅವಳ ಹೆಸರಲ್ಲಿ ತೆಗೆದಿಟ್ಟ ಚಿನ್ನ ಅವಳದ್ದೇ. ಪ್ರಾಯಕ್ಕೆ ಬಂದು ಅವಳೇ ಆಟಕ್ಕೆ ಬೇಕೆಂದರೆ ಕೊಡಿ. ಆದರೆ ಅಡವಿಡಬೇಡಿ, ಮಾರಿ. ಮಾರಿದ ಚಿನ್ನಕ್ಕೆ ಬಡ್ಡಿ ಬೆಳೆಯುವುದಿಲ್ಲ. ಜತೆಗಾತಿಯ ಮನೆಯವರೊಂದಿಗೆ ಕೂತು ಪ್ರಯಾಣ, ರೂಮು, ಕೋಚ್ ಖರ್ಚಿನಲ್ಲಿ ಯಾರ ಪಾಲು ಎಷ್ಟು, ಒಬ್ಬಳಿಗೆ ಗಾಯವಾದರೆ ಕಟ್ಟಿದ ಹಣ ಏನಾಗಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಪಘಾತ ವಿಮೆ ಇದ್ದರೆ ವೃತ್ತಿಪರ ಆಟದಲ್ಲಿ ಆದ ಗಾಯಕ್ಕೆ ಅದು ಸಲ್ಲುತ್ತದೆಯೇ ಎಂದು ಬರಹದಲ್ಲಿ ಕೇಳಿ. ಅನೇಕ ಪಾಲಿಸಿಗಳಲ್ಲಿ ಸಲ್ಲುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಹೀಗೆ ಲೆಕ್ಕ ಹಾಕುತ್ತ ಕೂತರೆ ಚಾಂಪಿಯನ್ ಹುಟ್ಟುವುದಿಲ್ಲ, ಎಲ್ಲವನ್ನೂ ಪಣಕ್ಕಿಟ್ಟವರೇ ಗೆಲ್ಲುವುದು ಎಂಬುದು. ಅಶ್ವಿನಿ ಅವರ ವೃತ್ತಿಜೀವನ ಹೇಳುವುದು ಬೇರೆಯದನ್ನು. 2010ರ ಚಿನ್ನದಿಂದ 2024ರ ಪ್ಯಾರಿಸ್‌ವರೆಗೆ ಹದಿನಾಲ್ಕು ವರ್ಷ. ಡಬಲ್ಸ್‌ನಲ್ಲಿ ಸರ್ವ್, ನೆಟ್ಟಿನ ಮುಂದಿನ ಚುರುಕು, ಜತೆಗಾತಿಯ ನಡೆಯ ಅಂದಾಜು ಇವೆಲ್ಲ ವಯಸ್ಸಿನೊಂದಿಗೆ ಪಕ್ವವಾಗುತ್ತವೆ. 2003ರಲ್ಲಿ ಹುಟ್ಟಿದ ತನಿಷಾ ಪಕ್ಕದಲ್ಲಿ 1989ರ ಅಶ್ವಿನಿ ಆಡಿದ್ದು ಅದಕ್ಕೇ. ಇಷ್ಟು ದೂರದ ದಾರಿಯಲ್ಲಿ ಎಲ್ಲವನ್ನೂ ಮೊದಲೇ ಪಣಕ್ಕಿಟ್ಟ ಮನೆಯ ಹುಡುಗಿ ನಡುವೆಯೇ ಆಟ ಬಿಡಬೇಕಾಗುತ್ತದೆ, ಏಕೆಂದರೆ ಸಾಲದ ಕಂತು ಅವಳ ಫಾರ್ಮ್ ಬರುವವರೆಗೆ ಕಾಯುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಮಗನ ಇಂಜಿನಿಯರಿಂಗ್ ಸೀಟಿಗೆ ಸಾಲ ಮಾಡುವವರು ಮಗಳ ಆಟಕ್ಕೆ ಮಾತ್ರ ಲೆಕ್ಕ ಕೇಳುವುದು ನ್ಯಾಯವೇ? ಅಲ್ಲ. ಮಗನಿಗೆ ಎಷ್ಟು ಎತ್ತಿಟ್ಟಿದ್ದೀರೋ ಮಗಳಿಗೂ ಅಷ್ಟೇ ಎತ್ತಿಡಿ, ಒಂದು ರೂಪಾಯಿಯೂ ಕಡಿಮೆಯಾಗಬಾರದು. ಆ ಮೊತ್ತದೊಳಗೆ ಆಟಕ್ಕೆಷ್ಟು, ಓದಿಗೆಷ್ಟು ಎಂಬುದನ್ನು ಅವಳೊಂದಿಗೇ ಕೂತು ನಿರ್ಧರಿಸಿ. ಸಾಲ ಬೇಡವೆಂಬ ನನ್ನ ಮಾತು ಅವಳು ಹೆಣ್ಣೆಂಬ ಕಾರಣಕ್ಕಲ್ಲ. ಸೀಟಿನ ಕೊನೆಗೆ ಪದವಿ ಪತ್ರವಾದರೂ ಉಳಿಯುತ್ತದೆ. ಡಬಲ್ಸ್‌ನ ಕೊನೆಗೆ ಏನುಳಿಯುತ್ತದೆ ಎಂಬುದರಲ್ಲಿ ಇನ್ನೊಬ್ಬಳ ಮೊಣಕಾಲೂ ಸೇರಿದೆ. ಮಗ ಪುರುಷರ ಡಬಲ್ಸ್ ಆಡುತ್ತೇನೆಂದರೂ ಇದನ್ನೇ ಹೇಳುತ್ತೇನೆ.

ಸರ್ಕಾರದ ನೆರವಿದೆಯಲ್ಲ ಎನ್ನುವವರಿಗೆ: ಇದೆ, ಒಳ್ಳೆಯದೂ ಹೌದು. ಖೇಲೊ ಇಂಡಿಯಾದಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 10,000, ಒಲಿಂಪಿಕ್ಸ್ ಗುರಿಯ ಟಾಪ್ಸ್ ಯೋಜನೆಯ ಮುಖ್ಯ ತಂಡದವರಿಗೆ 50,000 ಕೈಖರ್ಚಿನ ಹಣ ಬರುತ್ತದೆ. ಆದರೆ ಅದು ಬರುವುದು ಹತ್ತಿದ ಮೇಲೆ, ಹತ್ತುವಾಗಲ್ಲ. 2024ರ ಆಗಸ್ಟ್‌ನಲ್ಲಿ ಪ್ರಕಟವಾದ ಸರ್ಕಾರಿ ಪಟ್ಟಿಯಲ್ಲಿ ಅಶ್ವಿನಿ ಹೆಸರಿನ ಮುಂದೆ ಟಾಪ್ಸ್‌ನಲ್ಲಿ 4.5 ಲಕ್ಷ, ತರಬೇತಿ ಮತ್ತು ಸ್ಪರ್ಧೆಗಳ ಬಾಬ್ತಿನಲ್ಲಿ ಸುಮಾರು 1.48 ಕೋಟಿ ಎಂದಿತ್ತು. ವೈಯಕ್ತಿಕವಾಗಿ ತಮಗೆ ಅಂಥ ಹಣ ಬಂದಿಲ್ಲ, 2023ರ ನವೆಂಬರ್ ತನಕ ಸ್ವಂತ ಖರ್ಚಿನಲ್ಲೇ ಟೂರ್ನಿಗಳನ್ನು ಆಡಿದ್ದೇನೆ, ಟಾಪ್ಸ್‌ಗೆ ಸೇರಿದ್ದೇ ಪ್ಯಾರಿಸ್ ಅರ್ಹತೆಯ ನಂತರ ಎಂದು ಅವರು ಬಹಿರಂಗವಾಗಿ ಹೇಳಿದರು. ಶಿಬಿರ, ತಂಡದ ಪ್ರಯಾಣ, ಕೋಚ್‌ಗಳಿಗೆ ಸರ್ಕಾರ ಮಾಡುವ ವೆಚ್ಚ ಆಟಗಾರ್ತಿಯ ಖಾತೆಗೆ ಬರುವ ಹಣವಲ್ಲ. ವಿಶ್ವ ಪದಕ ಗೆದ್ದವರ ಸ್ಥಿತಿಯೇ ಇದಾದರೆ, ಜಿಲ್ಲಾ ತಂಡದ ಹುಡುಗಿಯ ಮನೆಯವರು ನೆರವನ್ನು ಆದಾಯವೆಂದು ಬರೆದುಕೊಳ್ಳಬಾರದು.

ಹಾಗಾದರೆ ಖರ್ಚು ಕಡಿಮೆ ಮಾಡುವ ಜಾಗ ಯಾವುದು? ಬೆಂಗಳೂರಿಗೆ ಹೋಗುವ ವರ್ಷ. ಡಬಲ್ಸ್‌ಗೆ ಆತುರವಿಲ್ಲ ಎಂದಾದರೆ ಹನ್ನೆರಡನೇ ವಯಸ್ಸಿಗೇ ಊರು ಬಿಡಬೇಕಿಲ್ಲ. ಹತ್ತನೆಯ ತರಗತಿಯವರೆಗೆ ಇಲ್ಲೇ ಓದಿ, ಇಲ್ಲೇ ಆಡಿ, ಟೂರ್ನಿಗಳಿಗೆ ಮಾತ್ರ ಕಬಕ ಪುತ್ತೂರಿನಿಂದಲೋ ಸುಬ್ರಹ್ಮಣ್ಯ ರೋಡ್‌ನಿಂದಲೋ ರೈಲು ಹತ್ತಿದರೆ ಮೂರು ನಾಲ್ಕು ವರ್ಷದ ಬಾಡಿಗೆ ಉಳಿಯುತ್ತದೆ. ಅದಕ್ಕೆ ಇಲ್ಲಿ ಒಳ್ಳೆಯ ಅಂಕಣ ಬೇಕು, ಕಾಕ್ ಬೇಕು, ವಾರಕ್ಕೆ ಮೂರು ದಿನವಾದರೂ ಕೋಚ್ ಬೇಕು. ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಆದರೆ ಊರೂರಿಗೆ ಕೃಷಿಪತ್ತಿನ ಸಹಕಾರಿ ಸಂಘವಿರುವ ಈ ಮೂರು ತಾಲೂಕುಗಳಿಗೆ ದೊಡ್ಡದೇನೂ ಅಲ್ಲ. ಸಂಘಗಳ ಮಹಾಸಭೆ ಸೆಪ್ಟೆಂಬರ್ ಒಳಗೆ ನಡೆಯುತ್ತದೆ. ಲಾಭದಲ್ಲಿ ಊರಿನ ಒಳಿತಿಗೆಂದು ತೆಗೆದಿಡುವ ಪಾಲಿನಲ್ಲಿ ಹೆಣ್ಣುಮಕ್ಕಳ ಶಟಲ್ ಅಭ್ಯಾಸಕ್ಕೆ ವರ್ಷಕ್ಕೆ ಇಷ್ಟು ಡಬ್ಬಿ ಕಾಕ್ ಎಂದು ಒಂದು ಠರಾವು ಆಗಲಿ. ನೀವು ಸದಸ್ಯರಾಗಿದ್ದರೆ ಈ ಸಲದ ಸಭೆಯಲ್ಲಿ ಎದ್ದು ನಿಂತು ಅದನ್ನು ಕೇಳಿ.