ಡಯಲ್ ಮೇಲಿನ ಹೆಸರು ಯಾರದ್ದು?

ತಮ್ಮಾ,

ನೀನು ಮೊಬೈಲಿಗೆ ಕಳಿಸಿದ ಮೂರೂ ವಾಚಿನ ಫೋಟೋಗಳನ್ನು ಕನ್ನಡಕ ಹಾಕಿಕೊಂಡು, ಹಿಗ್ಗಿಸಿ ನೋಡಿದೆ. ಒಂದರ ಮೇಲೆ ರೋಲೆಕ್ಸ್ ಅಂತ ಬರೆದಿದೆ, ಬೆಲೆ ಎರಡೂವರೆ ಸಾವಿರ. ಎರಡನೆಯದು ಅದರದೇ ಪಡಿಯಚ್ಚು: ಅದೇ ಕಪ್ಪು ಮುಖ, ಅದೇ ದುಂಡು ಚುಕ್ಕಿ, ಸುತ್ತ ತಿರುಗುವ ಅದೇ ಬಳೆ. ಆದರೆ ಮೇಲಿರುವ ಹೆಸರು ಯಾವುದೋ ಚೀನಾ ಕಂಪನಿಯದು, ಬೆಲೆ ಎಂಟು ಸಾವಿರ. ಮೂರನೆಯದು ಕೆಂಪು ಡಯಲಿನ ಎಚ್‌ಎಂಟಿ ಪೈಲಟ್, ಹೊಸದರಂತೆ ಹೊಳೆಯುತ್ತಿದೆ, ಎರಡು ಸಾವಿರದೊಳಗೆ. ಅಣ್ಣನ ಮದುವೆಯಲ್ಲಿ ಕಟ್ಟಿಕೊಳ್ಳೋಕೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ತೋರಣಗಲ್ಲಿನ ಬಿಸಿಲಲ್ಲಿ ಪಾಳಿ ಮಾಡಿ ದುಡಿದ ದುಡ್ಡು, ನಿನಗೆ ಬೇಕಾದ ವಾಚು ನೀನು ಕೊಳ್ಳಬೇಕು. ಬೇಡ ಅನ್ನೋಕೆ ನಾನು ಯಾರು? ಆದರೆ ಕೇಳಿದ್ದೀಯ, ಹೇಳುತ್ತೇನೆ.

ಮೊದಲನೆಯದನ್ನು ಮುಟ್ಟಬೇಡ. ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಅಂಗಡಿಯವರು ಅದಕ್ಕೆ ಫಸ್ಟ್ ಕಾಪಿ ಅಂತ ಗೌರವದ ಹೆಸರಿಟ್ಟಿದ್ದಾರೆ, ಅಸಲಿಗೆ ಅದು ಬೇರೆಯವರ ಹೆಸರಿನಲ್ಲಿ ಮಾಡಿದ ರುಜು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಇಂಥ ಮಾಲು ಮಾರುವವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. ಕಾನೂನಿನ ಕಣ್ಣು ಮಾರುವವನ ಮೇಲೆ, ಕಟ್ಟಿಕೊಂಡವನ ಮೇಲಲ್ಲ ಅಂತ ನೀನು ವಾದ ಮಾಡಬಹುದು. ಸರಿ, ಆದರೆ ಎರಡು ವರ್ಷ ಬಿಟ್ಟು ಬೇಜಾರಾಗಿ ಗೆಳೆಯನಿಗೆ ಮಾರಿದೆ ಅನ್ನು, ಆ ದಿನ ಮಾರುವವನು ನೀನೇ.

ಎರಡನೆಯದರ ವಿಚಾರ ಬೇರೆ. ನಿನ್ನ ಗೆಳೆಯರು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಡೂಪ್ಲಿಕೇಟ್ ಅಂತ ನಗುತ್ತಾರೆ ಅಂದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಹಡಗಲಿ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇರುವುದು ನಿನಗೆ ಗೊತ್ತು. ಹಾಗಂತ ದಾವಣಗೆರೆಯವರು ಮಲ್ಲಿಗೆ ಬಳ್ಳಿ ಹಚ್ಚಬಾರದು ಅಂತ ಯಾರಾದರೂ ಅಂದರಾ? ಹಚ್ಚಲಿ, ಬೆಳೆಯಲಿ, ತಮ್ಮೂರ ಹೆಸರು ಹೇಳಿ ಮಾರಲಿ. ಅದೇ ಹೂವನ್ನು ಬುಟ್ಟಿಗೆ ಹಾಕಿ ಹಡಗಲಿ ಮಲ್ಲಿಗೆ ಅಂತ ಕೂಗಿದರೆ ಮಾತ್ರ ತಗಾದೆ. ವಾಚಿನಲ್ಲೂ ನಾನು ನೋಡುವುದು ಅಷ್ಟನ್ನೇ. ಆಕಾರ ಯಾರದ್ದಾದರೂ ಇರಲಿ, ಡಯಲ್ ಮೇಲೆ ಬರೆದ ಹೆಸರು ಮಾಡಿದವನದ್ದಾ?

ವಿನ್ಯಾಸದ ನೋಂದಣಿಯಿಂದ ಆಕಾರದ ಮೇಲೆ ಯಾರಿಗೂ ಶಾಶ್ವತ ಹಕ್ಕು ಸಿಗುವುದಿಲ್ಲ. ನಮ್ಮ 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಿದ ವಿನ್ಯಾಸಕ್ಕೆ ರಕ್ಷಣೆ ಹತ್ತು ವರ್ಷ, ಮತ್ತೆ ಐದು ವರ್ಷ ಮುಂದುವರಿಸಬಹುದು, ಅಲ್ಲಿಗೆ ಮುಗಿಯಿತು. ನೀನು ಮೆಚ್ಚಿದ ಆ ಕಪ್ಪು ಮುಖದ ಮೂಲ ರೋಲೆಕ್ಸ್ ಸಬ್‌ಮರೀನರ್. ಅದು 1953ರ ಹೊತ್ತಿನದು, ಮುಳುಗುಗಾರರಿಗೆಂದು ಮಾಡಿದ್ದು. ಆದರೆ ಅದೇ 1953ರಲ್ಲಿ ಬ್ಲಾಂಕ್‌ಪಾನ್ ಎಂಬ ಇನ್ನೊಂದು ಸ್ವಿಸ್ ಕಂಪನಿಯೂ ಕಪ್ಪು ಮುಖ, ತಿರುಗುವ ಬಳೆಯ ಮುಳುಗು ವಾಚು ತಂದಿತ್ತು. ಯಾರು ಮೊದಲು ಅಂತ ವಾಚಿನ ಹುಚ್ಚು ಹಿಡಿದವರು ಇವತ್ತಿಗೂ ಕಿತ್ತಾಡುತ್ತಾರೆ. ನೀರಿನಾಳದ ಕತ್ತಲಲ್ಲಿ ಓದುವಂತಿರಬೇಕು ಅಂದರೆ ವಾಚು ಬಹುಮಟ್ಟಿಗೆ ಹಾಗೇ ಆಗುತ್ತದೆ, ಅದರಲ್ಲಿ ಯಾರ ಅಪ್ಪನ ಗಂಟೂ ಇಲ್ಲ. ಜೆರಾಲ್ಡ್ ಜೆಂಟಾ ಆಡೆಮಾರ್ ಪಿಗೆ ಕಂಪನಿಗೆ ಬರೆದುಕೊಟ್ಟ, 1972ರಲ್ಲಿ ಮಾರುಕಟ್ಟೆಗೆ ಬಂದ ಎಂಟು ಮೂಲೆಯ ರಾಯಲ್ ಓಕ್ ಹಾಗಲ್ಲ. ಅದು ಒಬ್ಬನ ತಲೆಯಿಂದ ಬಂದದ್ದು, ಕಂಡ ಕೂಡಲೇ ಗುರುತು ಹತ್ತುತ್ತದೆ. ಅಂಥದ್ದರ ನಕಲು ಕಟ್ಟಲು ನನಗಾದರೆ ಸ್ವಲ್ಪ ಮುಜುಗರ. ಇದು ಕಾನೂನಿನ ಮಾತಲ್ಲ, ನನ್ನ ಮನಸ್ಸಿನ ಮಾತು. 2019ರಲ್ಲಿ ಕ್ಯಾಸಿಯೋದವರು ಎಂಟು ಮೂಲೆಯ ಜಿ-ಶಾಕ್ ತಂದಾಗ ಜನ ಅದನ್ನು ಕ್ಯಾಸಿಓಕ್ ಅಂತ ಪ್ರೀತಿಯಿಂದಲೇ ಕರೆದರು. ಅದು ಪ್ಲಾಸ್ಟಿಕ್, ಒಳಗೆ ಸೆಲ್ಲು, ಮುಖದ ಮೇಲೆ ತನ್ನದೇ ಹೆಸರು. ನಾನು ಅದೇ ಅಂತ ಅದು ಎಲ್ಲೂ ಹೇಳಿಕೊಳ್ಳಲಿಲ್ಲ, ಹಾಗಾಗಿ ಯಾರಿಗೂ ಕೆಡುಕೆನಿಸಲಿಲ್ಲ.

ನಮ್ಮ ಎಚ್‌ಎಂಟಿಯನ್ನೇ ತಗೋ. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದಾಗ ಅದು ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆ. ವಾಚಿಗೆ ಕೈ ಹಾಕಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು. ನಿಮ್ಮ ತಾತನ ಕಾಲದವರು ಕಟ್ಟುತ್ತಿದ್ದ ಜನತಾ ವಾಚಿನೊಳಗಿನ ಹದಿನೇಳು ಕಲ್ಲಿನ, ಚಾವಿ ಕೊಡುವ ಮಷಿನ್ನಿನ ಮೂಲ ಸಿಟಿಜನ್ನಿನದೇ. ಕಲಿತದ್ದು ಅವರಿಂದ, ಮಾಡಿದ್ದು ನಾವು, ಡಯಲ್ ಮೇಲೆ ಬರೆದದ್ದು ನಮ್ಮ ಹೆಸರು. ಅದನ್ನು ಯಾರೂ ನಕಲಿ ಅನ್ನಲಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಕಡೆ ಅಳಿಯನಿಗೆ ಎಚ್‌ಎಂಟಿ ಕೊಡದೆ ಮದುವೆ ಮುಗಿಸಿದ ಮಾವನಿಗೆ ಎಂಥ ಮಾತು ಕೇಳಬೇಕಾಗುತ್ತಿತ್ತು ಅಂತ ನಿಮ್ಮ ಅಜ್ಜಿಯನ್ನು ಕೇಳು, ಹೇಳುತ್ತಾಳೆ.

ಈಗ ಎಂಟು ಸಾವಿರದ ಆ ಚೀನಾ ವಾಚಿಗೆ ಬಾ. ಮಾರುವವನನ್ನು ಮೊದಲು ಕೇಳಬೇಕಾದದ್ದು ಒಳಗೆ ಯಾವ ಮಷಿನ್ ಇದೆ ಅನ್ನುವುದು. ಸೀಕೊದವರ ಎನ್‌ಎಚ್‌35 ಅಥವಾ ಮಿಯೋಟಾ 8215 ಅಂದರೆ ಧೈರ್ಯವಾಗಿ ಮುಂದಿನ ಮಾತಾಡು. ಮಿಯೋಟಾ ಅಂದರೆ ಸಿಟಿಜನ್ ಬಳಗದ್ದೇ, ನಿಮ್ಮ ತಾತನ ಜನತಾಕ್ಕೆ ದೂರದ ದಾಯಾದಿ. ಎನ್‌ಎಚ್‌35 ತುಂಬಿ ಚಾವಿ ಕೊಟ್ಟರೆ ಸುಮಾರು ನಲವತ್ತು ಗಂಟೆ ನಡೆಯುತ್ತದೆ, ಕೈಯಲ್ಲಿ ಇರುವಷ್ಟು ಹೊತ್ತು ಕೈಯಾಟಕ್ಕೇ ಚಾವಿ ಏರುತ್ತದೆ, ತಿರುಪನ್ನು ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಕೆಟ್ಟರೆ ಬಿಡಿಭಾಗ ಸಿಗುತ್ತದೆ, ಇಡೀ ಮಷಿನ್ನೇ ಬದಲಿಸಿದರೂ ಮನೆ ಮುಳುಗುವುದಿಲ್ಲ. ಮಾರುವವನು ಮಷಿನ್ನಿನ ಹೆಸರು ಹೇಳದೆ 'ಜಪಾನ್ ಟೆಕ್ನಾಲಜಿ ಸರ್' ಅಂತ ತೇಲಿಸಿದರೆ ಎದ್ದು ಬಾ. ನಮ್ಮ ಕಡೆ ಬಜಾರಿನಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ರಿಪೇರಿಯವರು ಮೊದಲಿನಷ್ಟು ಇಲ್ಲ. ಇರುವವರ ಕೈಗೆ ಹೆಸರಿಲ್ಲದ ಮಷಿನ್ ಕೊಟ್ಟರೆ ಅವರಾದರೂ ಏನು ಮಾಡಬೇಕು?

ಇನ್ನೊಂದು, ನೀರು. ಇಂಥ ವಾಚಿನ ಮೇಲೆಲ್ಲ ಇನ್ನೂರು ಮೀಟರು, ಮುನ್ನೂರು ಮೀಟರು ಅಂತ ಬರೆದಿರುತ್ತದೆ. ನಿಜವಾದ ಮುಳುಗು ವಾಚಿಗೆ ಐಎಸ್ಒ 6425 ಅಂತ ಒಂದು ಮಾನಕ ಇದೆ, ಅದರಂತೆ ಕನಿಷ್ಠ ನೂರು ಮೀಟರಿನ ತಾಳಿಕೆ ಬೇಕು, ಮಾಡಿದ ಒಂದೊಂದು ವಾಚನ್ನೂ ಒತ್ತಡದಲ್ಲಿಟ್ಟು ನೋಡಬೇಕು. ಬರೀ ಮೀಟರಿನ ಸಂಖ್ಯೆ ಬರೆದ ಮಾತ್ರಕ್ಕೆ ಆ ಪರೀಕ್ಷೆ ಆಗಿದೆ ಅಂತಲ್ಲ. ಮೂವತ್ತು ಮೀಟರು ಅಂತ ಬರೆದ ಸಾಧಾರಣ ವಾಚನ್ನು ಕೈ ತೊಳೆಯುವಾಗಿನ ಸಿಡಿತಕ್ಕೆ ತಾಳುತ್ತದೆ ಅಂತ ಮಾತ್ರ ತಿಳಿದುಕೋ. ಮದಲಗಟ್ಟೆಗೆ ಹೋಗಿ ಹನುಮಪ್ಪನಿಗೆ ಕೈಮುಗಿಯುವ ಮುಂಚೆ ತುಂಗಭದ್ರೆಗೆ ಇಳಿಯುತ್ತೀರಲ್ಲ, ಆಗ ಇದನ್ನು ಬಿಚ್ಚಿ ದಡದಲ್ಲಿ ಇರುವವರ ಕೈಗೆ ಕೊಡು. ಮುನ್ನೂರು ಮೀಟರಿನ ಹೊಳೆ ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲ, ಆದರೂ ಮೊಣಕಾಲು ನೀರಿಗೇ ಗಾಜಿನೊಳಗೆ ಆವಿ ಕಟ್ಟಿದ್ದನ್ನು ನೋಡಿದ್ದೇನೆ.

ಗಾಜು ನೀಲಮಣಿಯದ್ದಾದರೆ ಒಳ್ಳೆಯದು, ಗೀರು ಬೀಳುವುದು ಅಪರೂಪ. ಇಲ್ಲದಿದ್ದರೂ ಪರವಾಗಿಲ್ಲ.

ಸಮಯ ಸರಿಯಾಗಿ ತೋರಿಸಬೇಕು ಅನ್ನುವುದಷ್ಟೇ ನಿನ್ನ ಆಸೆಯಾದರೆ ಇದ್ಯಾವುದೂ ಬೇಡ. ಚಾವಿಯ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಹೋಗುವುದು ಮಾಮೂಲು. ಸೆಲ್ಲಿನ ವಾಚು ತಿಂಗಳಿಗೆ ಅಷ್ಟು ತಪ್ಪಿದರೆ ಹೆಚ್ಚು. ಕ್ಯಾಸಿಯೋದ ಎಫ್-91ಡಬ್ಲ್ಯೂ 1989ರಿಂದ ಒಂದೇ ರೂಪದಲ್ಲಿ ಬರುತ್ತಿದೆ. ಅದನ್ನೂ ನಕಲು ಮಾಡುವವರಿದ್ದಾರೆ ಅಂದರೆ ನೋಡು, ಲಕ್ಷದ ವಾಚಿಗೆ ಮಾತ್ರ ಕಳ್ಳರು ಅನ್ನುವ ಹಾಗಿಲ್ಲ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಅಸಲಿಯ ಪರದೆಯ ಮೇಲೆ ಕ್ಯಾಸಿಯೋ ಅಂತ ಮೂಡುತ್ತದೆ. ಈಗೀಗ ಕೆಲವು ನಕಲಿಗಳೂ ಆ ಆಟ ಕಲಿತಿವೆ, ಆದ್ದರಿಂದ ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳುವುದು ಲೇಸು.

ಇನ್ನು ಆ ಕೆಂಪು ಪೈಲಟ್. ಮೂರರಲ್ಲಿ ನಿನಗೆ ಹೆಚ್ಚು ಮೋಸ ಮಾಡುವುದು ಇದೇ. ಯಾಕೆಂದರೆ ರೋಲೆಕ್ಸ್ ಸುಳ್ಳು ಅಂತ ನಿನಗೇ ಗೊತ್ತು, ಇದು ನಮ್ಮದು ಅಂತ ನಂಬಿ ಕೈ ಹಾಕುತ್ತೀಯ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ಅದಕ್ಕೂ ಮುಂಚೆ ಮುಚ್ಚುತ್ತಾರಂತೆ ಅನ್ನುವ ಸುದ್ದಿ ಹಬ್ಬಿದಾಗಲೇ ಹಳೆಯ ವಾಚುಗಳಿಗೆ ಗಿರಾಕಿ ಏರಿತು. ಗಿರಾಕಿ ಇದ್ದಲ್ಲಿ ಮಾಲು ಹುಟ್ಟುತ್ತದೆ. ಗುಜರಿಯ ವಾಚುಗಳ ಮಷಿನ್ ಎತ್ತಿ, ಬೇರೆ ಕೇಸಿಗೆ ಹಾಕಿ, ಡಯಲ್ ಹೊಸದಾಗಿ ಅಚ್ಚು ಮಾಡಿಸಿ ಮಾರುವ ದಂಧೆ ಬೆಳೆಯಿತು. ಹಳೆಯ ಪೈಲಟ್ ಅಂದರೆ ಕಪ್ಪು ಡಯಲ್ಲು. ಕೆಂಪು, ಹಸಿರು, ಕಿತ್ತಳೆ ಬಣ್ಣದಲ್ಲಿ ಅಗ್ಗಕ್ಕೆ ಸಿಕ್ಕುವ ಹಳೆಯ ಪೈಲಟ್‌ಗಳು ಬಹುಪಾಲು ಹೀಗೆ ಮರುಬಣ್ಣ ಕಂಡವು. ಅಕ್ಷರಗಳ ಅಂಚು ದಪ್ಪಗೆ ಹರಡಿದೆಯಾ, ಚುಕ್ಕಿಗಳು ಗೆರೆಗೆ ಕೂತಿವೆಯಾ, ಡಯಲ್ ಹೊಚ್ಚ ಹೊಸದು ಕಂಡರೂ ಹಿಂದಿನ ಮುಚ್ಚಳ ಸವೆದಿದೆಯಾ, ನೋಡು. ಮರುಬಣ್ಣದ್ದು ಅಂತ ಬಾಯಿಬಿಟ್ಟು ಹೇಳಿ ಆ ಬೆಲೆಗೆ ಕೊಟ್ಟರೆ ತಗೋ, ಆಟಕ್ಕೆ ಚೆನ್ನಾಗಿರುತ್ತದೆ. ಕಾರ್ಖಾನೆಯಿಂದ ಹೀಗೇ ಬಂದದ್ದು ಅಂದರೆ ಅವನಿಗೂ ಆ ರೋಲೆಕ್ಸ್ ಮಾರುವವನಿಗೂ ವ್ಯತ್ಯಾಸ ಇಲ್ಲ. ಎಚ್‌ಎಂಟಿಯ ಹೆಸರು ಅದರ ಮೇಲಿದೆ ನಿಜ, ಆದರೆ ಬರೆದದ್ದು ಎಚ್‌ಎಂಟಿಯವರಲ್ಲ. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿಯ ಪರಂಪರೆ ಸಂಗ್ರಹಾಲಯ ತೆರೆದಿದ್ದಾರೆ. ಬೆಂಗಳೂರಿಗೆ ಹೋದಾಗ ಒಂದು ಬೆಳಿಗ್ಗೆ ಅಲ್ಲಿ ಹಳೆಯ ವಾಚುಗಳನ್ನು ಕಣ್ಣಾರೆ ನೋಡಿ ಬಾ, ಆಮೇಲೆ ಅಂಗಡಿಯವನು ಏನು ಹೇಳಿದರೂ ನಿನ್ನ ಕಣ್ಣು ಮೋಸ ಹೋಗುವುದಿಲ್ಲ.

ಮೂಲದ ವಾಚಿಗೆ ಅಷ್ಟು ಬೆಲೆ ಯಾಕೆ ಅಂತಲೂ ಕೇಳಿದ್ದೆ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇದೆಯಲ್ಲ, ಆ ಗಾಂಧಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಜೆನಿತ್ ಗಡಿಯಾರ 2009ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ಅವರ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲು ಎಲ್ಲ ಸೇರಿ ಹದಿನೆಂಟು ಲಕ್ಷ ಡಾಲರಿಗೆ ಹೋದವು. ಕೊಂಡವರು ವಿಜಯ್ ಮಲ್ಯ. ಅಷ್ಟು ಬೆಲೆ ಯಾಕೆ ಬಂತು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ರೋಲೆಕ್ಸಿನ ಬೆಲೆಯಲ್ಲೂ ಉಕ್ಕು, ಕೆಲಸಗಾರಿಕೆ ಒಂದು ಪಾಲು, ಎಪ್ಪತ್ತು ವರ್ಷದ ಕಥೆ ಇನ್ನೊಂದು ಪಾಲು. ನೀನು ಎಂಟು ಸಾವಿರಕ್ಕೆ ಆಕಾರವನ್ನು ಕೊಳ್ಳಬಹುದು, ಕಥೆ ಜೊತೆಗೆ ಬರುವುದಿಲ್ಲ. ಮುಂದೆ ಮಾರಿದರೆ ಬೆಲೆ ಬರುತ್ತದೆ ಅಂತಲೂ ಎಣಿಸಬೇಡ. ಎಂಟು ಸಾವಿರ ಖರ್ಚು ಅಂತ ಬರೆದಿಡು, ಉಳಿತಾಯ ಅಂತಲ್ಲ.

ಜನ ಏನಂದುಕೊಳ್ಳುತ್ತಾರೆ ಅನ್ನುವ ನಿನ್ನ ಚಿಂತೆಗೆ ಮಾತ್ರ ನನಗೆ ನಗು ಬಂತು. ಕೊಟ್ಟೂರಪ್ಪನ ತೇರಿಗೆ ಬಂದ ಜನದಲ್ಲಿ ಸಬ್‌ಮರೀನರ್ ಯಾವುದು ಅಂತ ಗುರುತು ಹಿಡಿಯುವವರನ್ನು ಬೆರಳಲ್ಲಿ ಎಣಿಸಬಹುದು, ಹರಪನಹಳ್ಳಿಯ ಬೀಗರಲ್ಲಿ ಅಷ್ಟೂ ಇರಲಿಕ್ಕಿಲ್ಲ. ಗೊತ್ತಿಲ್ಲದವರಿಗೆ ಅದು ಬರೀ ಕಪ್ಪು ವಾಚು. ಗೊತ್ತಿದ್ದವರಿಗೆ ನಿನ್ನ ಸಂಬಳವೂ ಗೊತ್ತಿರುತ್ತದೆ. ಅವರಲ್ಲಿ ಒಬ್ಬರು ಮಂಟಪದಲ್ಲಿ ನಿನ್ನ ಕೈ ಹಿಡಿದು ನೋಡಿ 'ಏ, ಇದು ಅದೇನಾ?' ಅಂದರೆ, 'ಅಲ್ಲ ಮಾವ, ಅದರ ಹಾಗೆ ಮಾಡಿದ್ದು, ಮಷಿನ್ ಜಪಾನಿನದು, ಎಂಟು ಸಾವಿರ' ಅಂತ ನಿನಗೆ ನಗುನಗುತ್ತಾ ಹೇಳಲು ಆಗುತ್ತದಾ? ಆಗುವುದಾದರೆ ಈ ವಾಚು ನಿನ್ನದು, ಇವತ್ತೇ ತಗೋ. ಆ ಪ್ರಶ್ನೆ ಯಾರೂ ಕೇಳದಿರಲಿ ಅಂತ ಒಳಗೊಳಗೇ ಅನ್ನಿಸಿದರೆ ಬೇಡ. ಆ ದುಡ್ಡಿಗೆ ಟೈಟನ್ನಿನದೋ, ಸಿಟಿಜನ್ನಿನದೋ, ಯಾರದ್ದನ್ನೂ ಹೋಲದ ಒಳ್ಳೆಯ ವಾಚು ಬರುತ್ತದೆ.

ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡು. ನಿಮ್ಮಪ್ಪನ ಮದುವೆಯಲ್ಲಿ ಕೊಟ್ಟ ಎಚ್‌ಎಂಟಿ ಕಾಂಚನ್ ನಿಮ್ಮ ಮನೆಯ ಟ್ರಂಕಿನಲ್ಲಿ ಇದೆ, ನಿನ್ನ ಚಿಕ್ಕಮ್ಮ ಬಟ್ಟೆ ಮಡಚಿಡುವಾಗ ನೋಡಿದ್ದಾಳಂತೆ. ಅದನ್ನು ತೆಗೆದು ರಿಪೇರಿಯವರ ಹತ್ತಿರ ಒಯ್ಯಿ. ಬಿಚ್ಚಿ ತೊಳೆದು ಎಣ್ಣೆ ಬಿಡಲಿ, ಸ್ಪ್ರಿಂಗ್ ಹೋಗಿದ್ದರೆ ಹಾಕಲಿ, ಗಾಜು ಮಸುಕಾಗಿದ್ದರೆ ಹೊಸದು ಕೂರಿಸಲಿ. ಡಯಲ್ ಮಾತ್ರ ಮುಟ್ಟಿಸಬೇಡ. ಹಳದಿ ತಿರುಗಿದ್ದರೂ, ಅಲ್ಲಲ್ಲಿ ಚುಕ್ಕೆ ಬಿದ್ದಿದ್ದರೂ ಹಾಗೇ ಇರಲಿ. ಹೊಸ ಡಯಲ್ ಹಾಕಿಕೊಡುತ್ತೇನೆ ಅಂತ ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಬೇಡ ಅನ್ನು. ಬದಲಿಸಿದ ಹಳೆಯ ಭಾಗಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬಾ. ಎಷ್ಟು ಖರ್ಚಾಯಿತು ಅಂತ ಫೋನು ಮಾಡು, ಅರ್ಧ ನಾನು ಕೊಡುತ್ತೇನೆ.