ಬಾತ ಕಾಲು ಸೀರಿ ಒಳಗ ಮುಚ್ಚಿಡಬ್ಯಾಡ

ತಂಗೀ, ನಿಮ್ಮತ್ತಿ ಎಡಗಾಲು ಬಾತದ, ತೊಗರಿ ಹೊಲದಾಗ ನಿಂತು ನಿಂತು ಹಂಗಾಗ್ಯದ ಅಂದಿ. ದಣಿವಿನ ಬಾವು ರಾತ್ರಿ ಮಲಗಿ ಎದ್ರ ಇಳೀತದ. ಒಂದೇ ಕಾಲು ಬಾತು, ಮುಂಜಾನಿಗೂ ಇಳೀಲಿಲ್ಲಂದ್ರ ಆನಿಕಾಲೇನು ಅಂತ ತೋರಿಸಬೇಕು. ನಮ್ಮ ಕಲಬುರಗಿ ಜಿಲ್ಲಾ ಮೊದಲಿಂದ ಆ ರೋಗದ ಸೀಮಿ. ಎರಡೂ ಕಾಲು ಬಾತು ದಮ್ಮು ಹತ್ತಿದ್ರ ಹೃದಯ, ಕಿಡ್ನಿ ನೋಡಿಸಬೇಕು. ಬಸುರಿಗೆ ಕೈ, ಮುಖ ಬಾತ್ರ ಬಿ.ಪಿ. ನೋಡಿಸು. ಮೀನಖಂಡ ನೋಯಕೋತ ಒಮ್ಮೆಲೆ ಬಾತ್ರ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ದವಾಖಾನಿಗೆ ಹೋಗು.

ಆನಿಕಾಲು ಶಾಪ ಅಲ್ಲ, ಮನೆತನದ ರೋಗನೂ ಅಲ್ಲ. ಗಟಾರದ ನೀರಿನ್ಯಾಗ ಹುಟ್ಟೋ ಕ್ಯೂಲೆಕ್ಸ್ ಸೊಳ್ಳಿ ಕಚ್ಚಿದಾಗ ಹುಳದ ಮರಿ ಮೈ ಸೇರತಾವ. ವರ್ಷಗಟ್ಟಲೆ ಸುದ್ದಿಲ್ಲದೆ ಇದ್ದು, ದುಗ್ಧರಸದ ನಾಳ ಕೆಡಿಸಿದ ಮ್ಯಾಲ ಬಾವು ಕಾಣ್ತದ. ಮರಿ ರಕ್ತದಾಗ ಓಡಾಡೋದು ರಾತ್ರಿ, ಅದಕ್ಕೇ ದವಾಖಾನಿಯವರು ರಾತ್ರಿ ಬಂದು ಪರೀಕ್ಷೆಗೆ ರಕ್ತ ತಗೋತಾರ.

ಆಶಾ ಕಾರ್ಯಕರ್ತಿ ಆನಿಕಾಲಿನ ಗುಳಿಗಿ ತಂದ್ರ ನೀವು ‘ನಮಗೇನಾಗ್ಯದ’ ಅಂತ ಸೆರಗಿಗೆ ಕಟ್ಟಿಡ್ತೀರಿ. ಏನೂ ಆಗಿಲ್ಲ ಅಂತಲೇ ನುಂಗಬೇಕವ್ವ! ಡಿ.ಇ.ಸಿ., ಅಲ್ಬೆಂಡಜೋಲ್ ಅನ್ನೋ ಈ ಗುಳಿಗಿ ಹುಳದ ಮರಿ ಕೊಲ್ತಾವ, ಊರಾಗ ರೋಗ ಹಬ್ಬೋದು ನಿಲ್ತದ. ಉಂಡು, ಆಕಿ ಎದುರಿಗೇ ನುಂಗು. ಒಂಚೂರು ಜ್ವರ, ತಲಿಸುತ್ತು ಬಂದ್ರ ಅಂಜಬ್ಯಾಡ, ಒಳಗಿನ ಮರಿ ಸಾಯಾಕತ್ತಾವ. ಎರಡು ವರ್ಷದೊಳಗಿನ ಕೂಸು, ಬಸುರಿ, ಭಾಳ ಜಡ್ಡಿನವರಿಗೆ ಮಾತ್ರ ಬ್ಯಾಡ.

ಭಾಳ ದಿನದಿಂದ ಬಾತು ದಪ್ಪಾದ ಕಾಲು ಗುಳಿಗಿ ಒಂದರಿಂದ ಮೊದಲಿನಂಗ ಆಗಂಗಿಲ್ಲ, ಇದು ಖರೆ. ಅದಕ್ಕ ದಿನಾ ಸೇವಾ ಬೇಕು. ಸಾಬಣ, ಸ್ವಚ್ಛ ನೀರಿಲೆ ಮೆಲ್ಲಕ ತೊಳದು, ಬೆರಳ ಸಂದಿಯೊಳಗ ಪಸಿ ಇಲ್ಲದಂಗ ಒರಸು. ಸಂದಿ ಬಿರದ್ರ ಡಾಕ್ಟರ್ ಕೊಟ್ಟ ಮುಲಾಮು ಹಚ್ಚು. ಅಲ್ಲಿಂದಲೇ ಕೀಟಾಣು ಹೊಕ್ಕು, ಚಳಿ-ಜ್ವರ ಬಂದು ಕಾಲು ಕೆಂಪಾಗಿ ಉರೀತದ. ಹಿಂಗ ಬಂದಾಗೆಲ್ಲಾ ಬಾವು ಹೆಚ್ಚತದ. ಆಗ ಬಿಸಿ ಎಣ್ಣಿ ತಿಕ್ಕಬ್ಯಾಡ, ಶಾಖ ಬ್ಯಾಡೇ ಬ್ಯಾಡ. ತಣ್ಣೀರ ಅರಿವಿ ಹಾಕಿ, ಮಲಗಿಸಿ, ಡಾಕ್ಟರಿಗೆ ತೋರಿಸು. ಉಳಿದ ದಿನ ಅತ್ತಿ ಕುಂತಾಗ ಕಾಲು ಎತ್ತರಕ್ಕಿಟ್ಟು ಹಿಮ್ಮಡ ಮ್ಯಾಲ-ಕೆಳಗ ಆಡಿಸಲಿ. ಸಡಿಲ ಚಪ್ಪಲಿ ಹಾಕ್ಕೊಳ್ಳದೆ ಎರಿ ಹೊಲಕ್ಕ ಇಳೀಬಾರದು. ಸರಕಾರಿ ದವಾಖಾನ್ಯಾಗ ಟಬ್ಬು, ಮಗ್ಗು, ಟವಲು ಇರೋ ಕಿಟ್ ಕೇಳು.

ನಿಮ್ಮ ಮಾವನ್ನೂ ಕರಕೊಂಡು ಹೋಗು. ಗಂಡಸರಿಗೆ ಇದೇ ಹುಳದಿಂದ ವೃಷಣ ಬಾಯತದ, ನಾಚಿಕಿಗೆ ಧೋತರದಾಗ ಮುಚ್ಚಿ ವರ್ಷ ದೂಡತಾರ. ಅದಕ್ಕ ಆಪರೇಷನ್ ಅದ, ಒಮ್ಮೆ ಮಾಡಿಸಿಕೊಂಡ್ರ ಭಾಳಷ್ಟು ಮಂದಿಗೆ ನೆಟ್ಟಗಾಗ್ತದ.