ದಯಾಮರಣ: ಸಮ್ಮತಿ ಯಾರದು?

ಗುಣವಾಗದ ರೋಗಿಯ ಯಾತನೆಯನ್ನು ಕೊನೆಗಾಣಿಸಲು ಮರಣಕ್ಕೆ ಎಡೆಮಾಡಿಕೊಡುವುದೇ ದಯಾಮರಣ. ಮಾರಕ ಚುಚ್ಚುಮದ್ದು ನೀಡುವುದು ಸಕ್ರಿಯ ವಿಧ. ಭಾರತದಲ್ಲಿ ಅದು ಅಪರಾಧ. ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದು ರೋಗವು ತನ್ನ ಗತಿಯಲ್ಲಿ ಸಾಗಲು ಬಿಡುವುದು ನಿಷ್ಕ್ರಿಯ ವಿಧ. ರೋಗಿಯೇ ಒಪ್ಪಿದರೆ ಅದು ಐಚ್ಛಿಕ. ಆತನ ಇಚ್ಛೆಗೆ ವಿರುದ್ಧವಾದುದು ಕೊಲೆಯೇ ಸರಿ. ಒಪ್ಪಿಗೆ ಹೇಳಲಾರದ ರೋಗಿಯ ಪರವಾಗಿ ಯಾರು ನಿರ್ಧರಿಸಬೇಕು? ತೊಡಕಿರುವುದು ಇಲ್ಲಿ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯೇ ನಡೆದ ಅಮಾನುಷ ಹಲ್ಲೆಯಿಂದ ಮಿದುಳಿಗೆ ಹಾನಿಯಾಗಿ, 2015ರ ಮೇ 18ರಂದು ನಿಧನರಾಗುವವರೆಗೂ ಹಾಸಿಗೆಯಲ್ಲಿಯೇ ಉಳಿದರು. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸರ್ವೋಚ್ಚ ನ್ಯಾಯಾಲಯವನ್ನು ಕೋರಿದರು. ನ್ಯಾಯಾಲಯವು 2011ರ ಮಾರ್ಚ್ 7ರಂದು ಅದಕ್ಕೆ ಒಪ್ಪಲಿಲ್ಲ; ಅರುಣಾ ಪರವಾಗಿ ಮಾತನಾಡುವ ಅಧಿಕಾರವು ದಶಕಗಳ ಕಾಲ ಉಣಿಸಿ ಉಪಚರಿಸಿದ ಆಸ್ಪತ್ರೆಯ ಸಿಬ್ಬಂದಿಗೆ ಸಲ್ಲುವುದೆಂದು ಹೇಳಿತು. ಅವರು ಬದುಕಿರಲೆಂಬುದೇ ಸಿಬ್ಬಂದಿಯ ಬಯಕೆಯಾಗಿತ್ತು. ಆದರೆ ಅರುಣಾ ಅವರ ಸ್ವಂತ ಇಚ್ಛೆ ಏನಿತ್ತೆಂದು ಯಾರಿಗೂ ತಿಳಿಯಲಿಲ್ಲ.

ಆ ಇಚ್ಛೆಯನ್ನು ಮುಂಚಿತವಾಗಿಯೇ ಬರೆದಿಡಲು 2018ರ ಮಾರ್ಚ್ 9ರ ತೀರ್ಪು ಅವಕಾಶ ನೀಡಿತು; 2023ರಲ್ಲಿ ವಿಧಾನವು ಸರಳಗೊಂಡಿತು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ವಯಸ್ಕ ನಿವಾಸಿಗಳು ಸ್ವಸ್ಥಚಿತ್ತರಾಗಿರುವಾಗ ಇಬ್ಬರು ಸಾಕ್ಷಿಗಳ ಸಮಕ್ಷಮ ಇಂತಹ ಪತ್ರಕ್ಕೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡು, ಪ್ರತಿಯನ್ನು ಮಹಾನಗರಪಾಲಿಕೆಯ ನಿಯೋಜಿತ ಅಧಿಕಾರಿಗೆ ಒಪ್ಪಿಸಬಹುದು. ವೈದ್ಯರ ಎರಡು ಮಂಡಳಿಗಳು ಸಮ್ಮತಿಸಿದ ಮೇಲೆಯೇ ಅದು ಜಾರಿಗೆ ಬರುತ್ತದೆ. ಬರೆದವರು ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು.